ಮೊಡವೆಯೂ ಅದರ ಮದ್ದೂ

ಮನೆಯ ಕನ್ನಡಿ ಎಲ್ಲರಿಗೂ ಒಂದೇ. ಆದರೆ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಹದಿನಾರು ಹದಿನೇಳರ ಪ್ರಾಯದವರು. ಸೊಗಸಿಗಾಗಿ ನಿಲ್ಲುತ್ತಾರೆಂದು ಹಿರಿಯರು ನಗುವುದುಂಟು. ನಿಜ ಹಲವು ವೇಳೆ ಬೇರೆ. ನಿನ್ನೆ ಮೂಗಿನ ಪಕ್ಕದಲ್ಲಿದ್ದ ಗುಳ್ಳೆ ಇಂದು ಇಳಿಯಿತೆ, ಕೆನ್ನೆಯ ಮೇಲೆ ಹೊಸದೊಂದು ಎದ್ದಿತೆ ಎಂದು ಎಣಿಸುವುದಕ್ಕೆ ನಿಲ್ಲುತ್ತಾರೆ. ನಮ್ಮ ಮನೆಯಲ್ಲಿ ಈ ಎಣಿಕೆ ಎರಡು ವರ್ಷ ನಡೆಯಿತು. "ಬಿಡೇ, ಪ್ರಾಯದ ಗುಳ್ಳೆ. ಮದುವೆಯಾದರೆ ತಾನೇ ಹೋಗುತ್ತೆ" ಎಂದು ಅಜ್ಜಿ ಜಾಜಿಕಾಯಿ ತೇಯ್ದು ಕೊಡುತ್ತಿದ್ದರು. ಅಕ್ಕ ಹಚ್ಚಿಕೊಳ್ಳುತ್ತಿದ್ದಳು. ಆದರೆ ಆ ವರ್ಷ ಕಾಲೇಜಿನಲ್ಲಿ ತರಗತಿಯವರೆಲ್ಲ ಸೇರಿ ತೆಗೆಸಿಕೊಂಡ ಛಾಯಾಚಿತ್ರದಲ್ಲಿ ಅವಳಿಲ್ಲ. ತಲೆನೋವೆಂದು ಹೇಳಿ ಮನೆಯಲ್ಲಿಯೇ ಉಳಿದಿದ್ದಳು.

ಮೊಡವೆಯಿಂದ ಪ್ರಾಣ ಹೋಗುವುದಿಲ್ಲ. ಅದಕ್ಕೇ ಅದರ ಇತಿಹಾಸವನ್ನು ಯಾರೂ ದೊಡ್ಡ ವಿಷಯವೆಂದು ಎಣಿಸುವುದಿಲ್ಲ. ಆದರೂ ಈ ಸಣ್ಣ ಗುಳ್ಳೆಯ ಹಿಂದೆ ಎರಡು ಸಾವಿರ ವರ್ಷಗಳ ಊಹೆ, ತಪ್ಪು, ಜಾಣತನ, ಕ್ರೌರ್ಯ ಎಲ್ಲವೂ ಸಾಲುಗಟ್ಟಿ ನಿಂತಿವೆ. ಇಂದು ಅಂಗಡಿಯಲ್ಲಿ ಸಿಗುವ ಒಂದು ಸಣ್ಣ ಕೊಳವೆ ಮದ್ದು ನಮ್ಮ ಕೈಗೆ ಹೇಗೆ ಬಂತು, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದು ತಿಳಿದುಕೊಳ್ಳತಕ್ಕ ಸಂಗತಿ.

ನಮ್ಮ ದೇಶದ ಹಳೆಯ ವೈದ್ಯರಿಂದಲೇ ತೊಡಗಬಹುದು. ಸುಶ್ರುತ ಸಂಹಿತೆಯಲ್ಲಿ ಕ್ಷುದ್ರರೋಗಗಳೆಂಬ ಒಂದು ಗುಂಪು ಉಂಟು. ದೊಡ್ಡ ರೋಗಗಳ ಸಾಲಿಗೆ ಸೇರದ ನಲವತ್ತನಾಲ್ಕು ಸಣ್ಣ ತೊಂದರೆಗಳ ಪಟ್ಟಿ ಅದು. ಅದರಲ್ಲಿ ಮೊಡವೆಗೆ ಮುಖದೂಷಿಕಾ ಎಂದು ಹೆಸರು, ಎಂದರೆ ಮುಖವನ್ನು ಕೆಡಿಸುವುದು. ಯೌವನಪಿಡಕಾ ಎಂಬ ಇನ್ನೊಂದು ಹೆಸರೂ ರೂಢಿಯಲ್ಲಿದೆ. ಅಜ್ಜಿ ಹೇಳಿದ ಪ್ರಾಯದ ಗುಳ್ಳೆ ಎಂಬ ಮಾತು ಇದರ ನೇರ ಕನ್ನಡವೇ ಸರಿ. ತರುಣರ ಮುಖದಲ್ಲಿ ಬೂರುಗದ ಮರದ ಮುಳ್ಳಿನಂತೆ ಏಳುವ ಗುಳ್ಳೆಗಳು ಇವು, ಕಫ ವಾತ ರಕ್ತಗಳ ಕೆಡುಕಿನಿಂದ ಹುಟ್ಟುತ್ತವೆ ಎಂದು ಅಲ್ಲಿ ಹೇಳಿದೆ. ಬೂರುಗದ ಎಳೆಯ ಮರದ ಕಾಂಡವನ್ನು ಕಂಡವರಿಗೆ ಈ ಹೋಲಿಕೆ ಎಷ್ಟು ತಕ್ಕದ್ದೆಂದು ಬೇರೆ ಹೇಳಬೇಕಾಗಿಲ್ಲ. ಬುಡ ಅಗಲ, ತುದಿ ಚೂಪು. ಮದ್ದಾಗಿ ವಮನವನ್ನೂ, ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆ ಮೊದಲಾದವುಗಳ ಲೇಪವನ್ನೂ ವಿಧಿಸಿದ್ದಾರೆ. ಕಾರಣವನ್ನು ಇಂದಿನ ವಿಜ್ಞಾನ ಬೇರೆ ಮಾತಿನಲ್ಲಿ ಹೇಳುತ್ತದೆ, ನಿಜ. ಆದರೆ ಇದು ಪ್ರಾಯಕ್ಕೆ ಸೇರಿದ ತೊಂದರೆ ಎಂಬ ಮುಖ್ಯವಾದ ಮಾತನ್ನು ಅವರು ಕಣ್ಣಿನಿಂದಲೇ ಕಂಡುಕೊಂಡಿದ್ದರು. ಮದ್ದು ಕೊಡತಕ್ಕ ತೊಂದರೆಯೆಂದು ಒಪ್ಪಿಯೂ ಇದ್ದರು.

ರೋಮಿನಲ್ಲಿ ಹಾಗಿರಲಿಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ವೈದ್ಯಗ್ರಂಥ ಬರೆದ ಸೆಲ್ಸಸ್ ಎಂಬಾತನು, ಗುಳ್ಳೆಗೂ ಮುಖದ ಕಲೆಗೂ ಚಿಕಿತ್ಸೆ ಮಾಡುವುದು ಹೆಚ್ಚುಕಡಮೆ ಹುಚ್ಚುತನವೇ ಎಂದು ಮೂಗುಮುರಿದನು. ಆದರೆ ರೂಪದ ಮೇಲಿನ ಕಾಳಜಿಯನ್ನು ಹೆಂಗಸರಿಂದ ಬಿಡಿಸಲಾಗದೆಂದು ಒಪ್ಪಿಕೊಂಡು ಮದ್ದನ್ನೂ ಹೇಳಿದನು. ವೈದ್ಯರ ಈ ಮೂಗುಮುರಿತ ಆತನೊಂದಿಗೇ ಮುಗಿಯಲಿಲ್ಲ. ಇಂದಿಗೂ ಮೊಡವೆಯೆಂದು ಹೋದ ಹುಡುಗನಿಗೆ "ಇದಕ್ಕೆಲ್ಲ ಬರುತ್ತಾರೇನಯ್ಯ" ಎನ್ನುವ ಹಿರಿಯರು ಇಲ್ಲದಿಲ್ಲ.

ಇಂಗ್ಲಿಷಿನ ಆಕ್ನೆ ಎಂಬ ಹೆಸರಿನ ಕಥೆಯೂ ವಿನೋದವಾಗಿದೆ. ಆರನೆಯ ಶತಮಾನದಲ್ಲಿ ಬೈಜಾಂಟಿಯಮ್ಮಿನ ಆಸ್ಥಾನವೈದ್ಯನಾಗಿದ್ದ ಏಟಿಯಸ್ ಎಂಬವನ ಗ್ರಂಥದಲ್ಲಿ ಈ ಮಾತು ಬರುತ್ತದೆ. ಗ್ರೀಕಿನಲ್ಲಿ ಆಕ್ಮೆ ಎಂದರೆ ತುದಿ, ಏರುಪ್ರಾಯ. ಪ್ರತಿ ಮಾಡುವವನ ಕೈತಪ್ಪಿನಿಂದ ಆಕ್ಮೆ ಎಂಬುದು ಆಕ್ನೆ ಆಯಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಗ್ರೀಕರ ಮಾತೂ ಸಂಸ್ಕೃತದ ಮಾತೂ ಒಂದೇ ಅರ್ಥಕ್ಕೆ ಬಂದು ಸೇರಿದಂತಾಯಿತು.

ಹೆಸರು ಸಿಕ್ಕ ಮಾತ್ರಕ್ಕೆ ರೋಗ ತಿಳಿದಂತಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ರಾಬರ್ಟ್ ವಿಲನ್, ಆತನ ಶಿಷ್ಯ ಥಾಮಸ್ ಬೇಟ್‌ಮನ್ ಚರ್ಮದ ರೋಗಗಳನ್ನು ಕಣ್ಣಿಗೆ ಕಾಣುವ ರೂಪದ ಮೇಲೆ ವಿಂಗಡಿಸಿದರು. ಗುರು ತೀರಿಕೊಂಡ ಮರುವರ್ಷ, 1813ರಲ್ಲಿ, ಬೇಟ್‌ಮನ್ ಈ ವಿಂಗಡಣೆಯನ್ನು ಪುಸ್ತಕವಾಗಿ ಹೊರತಂದನು. 1840ರಲ್ಲಿ ಜರ್ಮನಿಯ ಫುಕ್ಸ್ ಎಂಬಾತನು ಸಾಮಾನ್ಯ ಮೊಡವೆಗೆ ಆಕ್ನೆ ವಲ್ಗಾರಿಸ್ ಎಂಬ ಹೆಸರಿಟ್ಟನು; ಇಂದಿಗೂ ವೈದ್ಯರ ಚೀಟಿಯಲ್ಲಿ ಅದೇ ಹೆಸರು. 1896ರಲ್ಲಿ ಹ್ಯಾಂಬುರ್ಗಿನ ಉನ್ನಾ ಎಂಬ ವೈದ್ಯನು ಮೊಡವೆಯ ಬೆಣೆಯೊಳಗೆ ಸೂಕ್ಷ್ಮ ಜೀವಾಣುಗಳನ್ನು ಕಂಡನು. 1941ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಇನ್ನೊಂದು ಗಂಟನ್ನು ಬಿಡಿಸಿದನು. ಪ್ರಾಯಕ್ಕೆ ಮೊದಲೇ ವೃಷಣಗಳ ಕೆಲಸ ನಿಂತುಹೋದ ಗಂಡಸರಲ್ಲಿ ಮೊಡವೆ ಏಳುವುದಿಲ್ಲ. ಅವರಿಗೆ ಪುರುಷ ಹಾರ್ಮೋನನ್ನು ಕೊಟ್ಟರೆ ಏಳುತ್ತದೆ ಎಂದು ಆತನು ತೋರಿಸಿದನು.

ಈ ತುಂಡುಗಳನ್ನೆಲ್ಲ ಜೋಡಿಸಿದರೆ ಚಿತ್ರ ಹೀಗಾಗುತ್ತದೆ. ಪ್ರಾಯ ಬಂದಾಗ ದೇಹದಲ್ಲಿ ಕೆಲವು ಹಾರ್ಮೋನುಗಳು ಏರುತ್ತವೆ. ಹುಡುಗಿಯರಲ್ಲಿಯೂ ಇವು ಸ್ವಲ್ಪಮಟ್ಟಿಗೆ ಇದ್ದೇ ಇರುತ್ತವೆ. ಅವುಗಳ ಪ್ರೇರಣೆಯಿಂದ ಚರ್ಮದೊಳಗಿನ ಎಣ್ಣೆಯ ಗ್ರಂಥಿಗಳು ಹಿಗ್ಗಿ ಹೆಚ್ಚು ಜಿಡ್ಡನ್ನು ಒಸರುತ್ತವೆ. ರೋಮರಂಧ್ರದ ಒಳಗೋಡೆಯ ಹಳೆಯ ಕಣಗಳು ಉದುರಿಹೋಗದೆ ಒಂದಕ್ಕೊಂದು ಅಂಟಿಕೊಂಡು ಬೆಣೆಯಾಗುತ್ತವೆ. ಬೆಣೆಯ ಹಿಂದೆ ನಿಂತ ಜಿಡ್ಡಿನಲ್ಲಿ ಜೀವಾಣುಗಳು ಹೆಚ್ಚುತ್ತವೆ. ದೇಹ ಅವುಗಳ ಮೇಲೆ ಕಾದಾಡುತ್ತದೆ. ಕೆಂಪು, ಊತ, ಕೀವು ಆ ಕಾದಾಟದ ಗುರುತು. ಮೂಗಿನ ಮೇಲಿನ ಕಪ್ಪು ಚುಕ್ಕೆ ಕೊಳೆಯಲ್ಲ. ಬೆಣೆಯ ತುದಿ ಗಾಳಿಗೆ ತೆರೆದು ಕಪ್ಪಾಗಿರುವುದಷ್ಟೇ. ಸೋಪಿನಿಂದ ಎಷ್ಟು ಉಜ್ಜಿದರೂ ಅದು ಹೋಗದಿರುವುದಕ್ಕೆ ಕಾರಣ ಇದೇ.

ಇದು ತಿಳಿಯುವ ಮುಂಚೆ ತಪ್ಪೆಲ್ಲ ರೋಗಿಯ ಮೇಲೆಯೇ ಬೀಳುತ್ತಿತ್ತು. ಹೊಟ್ಟೆ ಸರಿಯಿಲ್ಲ, ಮುಖ ತೊಳೆಯುವುದಿಲ್ಲ, ಮನಸ್ಸು ಶುದ್ಧವಿಲ್ಲ, ನಡತೆ ಸರಿಯಿಲ್ಲ ಎಂದು ಹತ್ತೊಂಬತ್ತನೆಯ ಶತಮಾನದ ಯೂರೋಪಿನ ವೈದ್ಯರೇ ಬರೆದರು. ಗುಳ್ಳೆಯ ನೋವಿನ ಮೇಲೆ ಅಪವಾದದ ನೋವು ಬೇರೆ. ಭೇದಿಗೆ ಕೊಡುವುದು, ಗಂಧಕದ ಲೇಪ ಹಚ್ಚುವುದು, ಪಾಷಾಣ ಬೆರೆಸಿದ ಔಷಧ ಕುಡಿಸುವುದು, ಎಲ್ಲವೂ ನಡೆಯಿತು. ಇವುಗಳಲ್ಲಿ ಗಂಧಕಕ್ಕೆ ಕೊಂಚ ಗುಣವಿತ್ತು. ಇಂದಿಗೂ ಕೆಲವು ಲೇಪಗಳಲ್ಲಿ ಅದು ಉಳಿದಿದೆ.

ವಿಜ್ಞಾನ ಬೆಳೆದಂತೆ ಅಪಾಯವೂ ಬೆಳೆಯಿತು. 1895ರಲ್ಲಿ ರಂಟ್ಗನ್ ಕ್ಷ-ಕಿರಣವನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಅದನ್ನು ಮೊಡವೆಯ ಮೇಲೂ ಬಿಡತೊಡಗಿದರು. ಕಿರಣ ಬಿದ್ದರೆ ಎಣ್ಣೆಯ ಗ್ರಂಥಿ ಕುಗ್ಗುತ್ತದೆ, ಗುಳ್ಳೆ ಇಳಿಯುತ್ತದೆ. ನೋವಿಲ್ಲ, ಲೇಪದ ಜಿಡ್ಡಿಲ್ಲ. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೋಗಿ ಈ ಚಿಕಿತ್ಸೆ ಕೊಡಿಸಿದರು. ಹತ್ತಾರು ವರ್ಷ ಕಳೆದ ಮೇಲೆ ಆ ಮಕ್ಕಳಲ್ಲಿ ಕೆಲವರಿಗೆ ಚರ್ಮದ ಕ್ಯಾನ್ಸರ್, ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಕಾಣಿಸಿಕೊಂಡವು. ಬೇಗ ಗುಣ ಕಂಡ ಮದ್ದಿಗೆ ತಡವಾಗಿ ಬಿಲ್ಲು ಬಂತು.

ಇದಕ್ಕಿಂತ ಹಿತವಾದ ದಾರಿ ತೆರೆದವರಲ್ಲಿ ನಮ್ಮ ನೆರೆಯ ಆಂಧ್ರದ ಒಬ್ಬರಿದ್ದರು. ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಸಂಶೋಧನೆಯ ನಿರ್ದೇಶಕರಾಗಿದ್ದರು. ಅವರ ಕೈಕೆಳಗೆ, ಎಪ್ಪತ್ತು ದಾಟಿದ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಮಿಸೌರಿಯ ಒಂದು ಹೊಲದ ಮಣ್ಣಿನಲ್ಲಿದ್ದ ಜೀವಾಣುವಿನಿಂದ ಆರಿಯೋಮೈಸಿನ್ ಎಂಬ ಮದ್ದನ್ನು ಪಡೆದನು. 1948ರಲ್ಲಿ ಅದು ಲೋಕಕ್ಕೆ ತಿಳಿಯಿತು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಟೆಟ್ರಸೈಕ್ಲಿನ್ ಎಂಬ ಬಳಗಕ್ಕೆ ಇದೇ ಮೊದಲನೆಯದು. ಈ ಬಳಗದ ಮಾತ್ರೆಗಳು 1950ರ ದಶಕದಿಂದ ಮೊಡವೆಗೂ ಬಂದವು. ಇಂದು ವೈದ್ಯರು ಬರೆದುಕೊಡುವ ಡಾಕ್ಸಿಸೈಕ್ಲಿನ್ ಅದೇ ವಂಶದ್ದು. ಆದರೆ ವರ್ಷಾನುಗಟ್ಟಲೆ ನುಂಗಿದರೆ ಜೀವಾಣುಗಳು ಮದ್ದಿಗೆ ಜಗ್ಗದಂತಾಗುತ್ತವೆಂದು ಅನುಭವ ಕಲಿಸಿತು. ಆದುದರಿಂದ ಈಗ ಮೂರು ನಾಲ್ಕು ತಿಂಗಳಿಗೆ ಮೀರದಂತೆ, ಇನ್ನೊಂದು ಲೇಪದ ಜೊತೆಯಲ್ಲಿ ಕೊಡುತ್ತಾರೆ.

ಆ ಇನ್ನೊಂದು ಲೇಪ ಹಲವು ವೇಳೆ ಬೆಂಜಾಯಿಲ್ ಪೆರಾಕ್ಸೈಡ್. 1965ರಲ್ಲಿ ಕೆನಡಾದ ವಿಲಿಯಂ ಪೇಸ್ ಎಂಬ ವೈದ್ಯನು ಇದನ್ನು ಗಂಧಕದೊಂದಿಗೆ ಬೆರೆಸಿ ಮೊಡವೆಗೆ ಹಚ್ಚಿದ ಫಲವನ್ನು ಪ್ರಕಟಿಸಿದನು. ಅಗ್ಗದ ವಸ್ತು. ಜೀವಾಣುಗಳು ಇದಕ್ಕೆ ಒಗ್ಗಿಕೊಳ್ಳುವುದೂ ಇಲ್ಲ. ಇದರ ದೋಷವೆಂದರೆ ಚರ್ಮ ಒಣಗಿಸುವುದು, ದಿಂಬಿನ ಚೀಲದ ಬಣ್ಣ ತಿನ್ನುವುದು.

ಇನ್ನು ಹೇಳಬೇಕಾದುದು ಈ ಕಥೆಯ ಕಷ್ಟದ ಭಾಗ.

ಬೆಣೆಯನ್ನೇ ಬಿಡಿಸುವ ಮದ್ದೆಂದರೆ ಏ ಜೀವಸತ್ವದಿಂದ ಬಂದ ಒಂದು ಆಮ್ಲ, ಟ್ರೆಟಿನೋಯಿನ್. 1962ರಲ್ಲಿಯೇ ಜರ್ಮನಿಯ ಸ್ಟ್ಯೂಟ್ಗನ್ ಅದನ್ನು ಚರ್ಮರೋಗಗಳ ಮೇಲೆ ಹಚ್ಚಿ ನೋಡಿದ್ದನು. ಮೊಡವೆಗೆ ಅದನ್ನು ಹದಕ್ಕೆ ತಂದವನು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಕ್ಲಿಗ್‌ಮನ್. 1969ರಲ್ಲಿ ಆತನೂ ಸಂಗಡಿಗರೂ ಫಲವನ್ನು ಪ್ರಕಟಿಸಿದರು. 1971ರಲ್ಲಿ ಅಮೆರಿಕದ ಸರ್ಕಾರ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಇಂದು ಲೋಕದ ಚರ್ಮವೈದ್ಯರೆಲ್ಲ ಮೊಡವೆಯ ಚಿಕಿತ್ಸೆಗೆ ಈ ಬಳಗವನ್ನೇ ಬುನಾದಿಯೆಂದು ಎಣಿಸುತ್ತಾರೆ.

ಆದರೆ ಕ್ಲಿಗ್‌ಮನ್ನನ ಪ್ರಯೋಗಶಾಲೆ ಯಾವುದು? ಫಿಲಡೆಲ್ಫಿಯದ ಹೋಮ್ಸ್‌ಬರ್ಗ್ ಸೆರೆಮನೆ. 1951ರಲ್ಲಿ, ಕೈದಿಗಳ ಕಾಲಿನ ಹುಳುಕಡ್ಡಿಯನ್ನು ನೋಡಿ ಹೋಗಲು ಆತನನ್ನು ಅಲ್ಲಿಗೆ ಕರೆದಿದ್ದರು. ನೂರಾರು ಜನ ಒಂದೆಡೆ ಕೂಡಿರುವುದನ್ನು ಕಂಡಾಗ ತನಗೆ ಕಂಡದ್ದು ಎಕರೆಗಟ್ಟಲೆ ಚರ್ಮ, ಫಲವತ್ತಾದ ಹೊಲವನ್ನು ಮೊದಲ ಸಲ ಕಂಡ ರೈತನಂತಾಯಿತು ಎಂದು ಆತನೇ ಮುಂದೆ ಪತ್ರಿಕೆಯವರಿಗೆ ಹೇಳಿಕೊಂಡನು. ನಮ್ಮ ರೈತನಾದರೂ ಹೊಲಕ್ಕೆ ಮೊದಲು ಕೈಮುಗಿದು ನೇಗಿಲು ಹೂಡುತ್ತಾನೆ. ಅಲ್ಲಿ 1974ರವರೆಗೆ ಪ್ರಯೋಗಗಳು ನಡೆದವು. ಕೈದಿಗಳಲ್ಲಿ ಬಹುಪಾಲು ಕರಿಯರು. ಎಷ್ಟೋ ಮಂದಿ ಇನ್ನೂ ವಿಚಾರಣೆಯೇ ಮುಗಿಯದವರು, ಜಾಮೀನಿಗೆ ಹಣವಿಲ್ಲದವರು. ಕೆಲವು ಡಾಲರುಗಳ ಆಸೆಗೆ ಬೆನ್ನನ್ನೂ ತೋಳನ್ನೂ ಒಡ್ಡಿದರು. ಹಚ್ಚುತ್ತಿರುವುದು ಏನೆಂದು ಅವರಿಗೆ ಸರಿಯಾಗಿ ತಿಳಿಸಲಿಲ್ಲ. ಮುಖಕ್ಕೆ ಹಚ್ಚುವ ಮದ್ದುಗಳು ಮಾತ್ರವಲ್ಲ, 1960ರ ದಶಕದಲ್ಲಿ ಒಂದು ರಾಸಾಯನಿಕ ಕಂಪನಿಗಾಗಿ ಡಯಾಕ್ಸಿನ್ ಎಂಬ ವಿಷವನ್ನೂ ಹಚ್ಚಿ ನೋಡಿದರು. ಡಯಾಕ್ಸಿನ್ ತಾಕಿದರೆ ಏಳುವುದೂ ಒಂದು ಬಗೆಯ ಮೊಡವೆಯೇ, ಬಹಳ ಮೊಂಡು ಮೊಡವೆ. ಒಂದು ಕಡೆ ಮೊಡವೆ ಕಳೆಯುವ ಮದ್ದು, ಇನ್ನೊಂದು ಕಡೆ ಮೊಡವೆ ಎಬ್ಬಿಸುವ ವಿಷ, ಎರಡಕ್ಕೂ ಒಂದೇ ಸೆರೆಮನೆಯ ಚರ್ಮ.

ಹಿಂದಿನ ಕೈದಿಗಳು ಸುಮಾರು 300 ಮಂದಿ 2000ದಲ್ಲಿ ನ್ಯಾಯಾಲಯಕ್ಕೆ ಹೋದರು. ಕಾಲ ಮೀರಿತೆಂದು ದಾವೆ ವಜಾ ಆಯಿತು. ಕ್ಲಿಗ್‌ಮನ್ 2010ರಲ್ಲಿ ತೀರಿಕೊಂಡನು. ಫಿಲಡೆಲ್ಫಿಯ ನಗರ ಕ್ಷಮೆ ಕೇಳಿದ್ದು 2022ರಲ್ಲಿ. ಆ ವೇಳೆಗೆ ಕ್ಷಮೆಯನ್ನು ಕೇಳಿಸಿಕೊಳ್ಳಲು ಉಳಿದವರು ಕೆಲವರೇ.

ಹಾಗಾದರೆ ಆ ಮದ್ದನ್ನು ಬಿಡಬೇಕೆ? ಬಿಟ್ಟರೆ ಆ ಕೈದಿಗಳಿಗೆ ಏನೂ ಮರಳಿ ಬರುವುದಿಲ್ಲ. ಆದರೆ ಮದ್ದಿನ ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರುಂಟು, ಕಂಡುಹಿಡಿದವನ ಹೆಸರು ಪುಸ್ತಕದಲ್ಲುಂಟು. ಅದಕ್ಕೆ ಚರ್ಮ ಕೊಟ್ಟವರ ಹೆಸರು ಎಲ್ಲಿಯೂ ಇಲ್ಲ. ಅಷ್ಟನ್ನಾದರೂ ನೆನೆಯುವುದು ನಮ್ಮ ಕೈಲಿದೆ.

ತೀರ ಹಟದ, ಗಂಟುಗಂಟಾಗಿ ಕಲೆ ಉಳಿಸುವ ಮೊಡವೆಗೆ 1979ರಲ್ಲಿ ಹೊಸ ಬಾಗಿಲು ತೆರೆಯಿತು. ಅಮೆರಿಕದ ಗ್ಯಾರಿ ಪೆಕ್ ಮತ್ತು ಸಂಗಡಿಗರು ಐಸೊಟ್ರೆಟಿನೋಯಿನ್ ಎಂಬ ಮಾತ್ರೆಯನ್ನು 14 ಮಂದಿಗೆ ಕೊಟ್ಟರು. ಬೇರೆ ಯಾವುದಕ್ಕೂ ಬಗ್ಗದಿದ್ದ ಮೊಡವೆ 13 ಮಂದಿಯಲ್ಲಿ ಪೂರ್ತಿ ಹೋಯಿತು. 1982ರಲ್ಲಿ ಅದು ಮಾರುಕಟ್ಟೆಗೆ ಬಂತು. ಆದರೆ ಬಸುರಿಯರು ನುಂಗಿದರೆ ಹುಟ್ಟುವ ಮಗುವಿಗೆ ಘೋರವಾದ ಅಂಗದೋಷಗಳು ಉಂಟಾಗುತ್ತವೆಂಬುದು ಮರುವರ್ಷದಿಂದಲೇ ಕಣ್ಣಿಗೆ ಬಿತ್ತು. ಇದರಿಂದಲೇ ಈ ಮಾತ್ರೆಯನ್ನು ವೈದ್ಯರ ಕಣ್ಣಳತೆಯಲ್ಲಿ, ರಕ್ತಪರೀಕ್ಷೆ ಮಾಡಿಸಿಕೊಂಡು ಮಾತ್ರ ತೆಗೆದುಕೊಳ್ಳಬೇಕು. ಹೆಂಗಸರು ಗರ್ಭ ನಿಲ್ಲದಂತೆ ಎಚ್ಚರ ವಹಿಸಲೇಬೇಕು. ಗೆಳತಿಗೆ ಗುಣವಾಯಿತೆಂದು ಅವಳ ಡಬ್ಬಿಯಿಂದ ಎರಡು ಮಾತ್ರೆ ತಂದು ನುಂಗುವ ಮದ್ದಲ್ಲ ಇದು.

ನಮ್ಮ ಊರುಗಳ ಮಾತಿಗೆ ಬಂದರೆ ಅಪಾಯ ಬೇರೆ ರೂಪದಲ್ಲಿ ಕುಳಿತಿದೆ. 1975ರಲ್ಲಿ ಅದೇ ಕ್ಲಿಗ್‌ಮನ್, ವಿಲ್ಲಿಸ್ ಎಂಬ ಇನ್ನೊಬ್ಬ ವೈದ್ಯನೊಂದಿಗೆ ಸೇರಿ, ಚರ್ಮದ ಬಣ್ಣ ತೆಳುವಾಗಿಸಲು ಮೂರು ಮದ್ದುಗಳ ಒಂದು ಮಿಶ್ರಣವನ್ನು ಪ್ರಕಟಿಸಿದನು. ಅದರಲ್ಲಿ ಒಂದು ಸ್ಟೀರಾಯ್ಡ್. ಕೆಲವು ವಾರಗಳ ಮಟ್ಟಿಗೆ, ವೈದ್ಯರ ಕೈಯಲ್ಲಿ, ಅದಕ್ಕೆ ಉಪಯೋಗವುಂಟು. ಆ ಬಗೆಯ ಮಿಶ್ರಣಗಳು ನಮ್ಮ ದೇಶದಲ್ಲಿ ಬೆಳ್ಳಗಾಗುವ ಕ್ರೀಮೆಂದೂ ಮೊಡವೆಯ ಕ್ರೀಮೆಂದೂ ಅಂಗಡಿಯ ಕಟ್ಟೆಯ ಮೇಲೆ ಚೀಟಿಯಿಲ್ಲದೆ ಮಾರಾಟವಾದವು. ಮೊದಲ ವಾರ ಮುಖ ಹೊಳೆಯುತ್ತದೆ, ಕೆಂಪು ಇಳಿಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ನರಗಳು ಕಾಣುತ್ತವೆ, ಮೊಡವೆ ಇಮ್ಮಡಿಯಾಗುತ್ತದೆ, ಬಿಟ್ಟರೆ ಮುಖ ಉರಿಯುತ್ತದೆ. ಬಿಡಲಾರದೆ ಮತ್ತೆ ಹಚ್ಚುತ್ತಾರೆ. ಭಾರತದ ಚರ್ಮವೈದ್ಯರು 2011ರಲ್ಲಿ ಹಲವು ಊರುಗಳ ಆಸ್ಪತ್ರೆಗಳಲ್ಲಿ ನೋಡಿ ಈ ಹಾವಳಿಯನ್ನು ದಾಖಲಿಸಿದರು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಲೇಪಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಹುಟ್ಟಿದ್ದು ಬೇರೆ ಪ್ರಸಂಗಕ್ಕೆ. ಈ ಕ್ರೀಮಿಗೆ ಮಾತ್ರ ಅಕ್ಷರಶಃ ಹೊಂದುತ್ತದೆ. ಕೊಳವೆಯ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಅದು ಮೊಡವೆಗೆ ಹಚ್ಚತಕ್ಕದ್ದಲ್ಲ.

ಇಷ್ಟು ಇತಿಹಾಸದಿಂದ ಕನ್ನಡಿಯ ಮುಂದೆ ನಿಂತವರಿಗೆ ಏನು ಸಿಕ್ಕಿತು? ಕೆಲವು ಸರಳ ಸಂಗತಿಗಳು ಸಿಕ್ಕಿವೆ. ದಿನಕ್ಕೆ ಎರಡು ಸಲ ಮೃದುವಾದ ಸೋಪಿನಿಂದ ತೊಳೆದರೆ ಸಾಕು, ಉಜ್ಜಬೇಕಾಗಿಲ್ಲ. ಗುಳ್ಳೆಯನ್ನು ಹಿಸುಕಬಾರದು. ನಮ್ಮ ಮೈಬಣ್ಣದವರಿಗೆ ಗುಳ್ಳೆ ಹೋದ ಮೇಲೂ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಸುಕಿದರೆ ಇನ್ನೂ ಹೆಚ್ಚು ಕಾಲ. ಬಿಸಿಲು ಆ ಕಲೆಯನ್ನು ಗಾಢ ಮಾಡುತ್ತದೆ. ತಲೆಗೆ ಹಾಕಿದ ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳುವುದು ಮೇಲು. ಜಾಜಿಕಾಯಿ, ನಿಂಬೆರಸ ಇವು ಕೆಲವರ ಚರ್ಮವನ್ನು ಕೆರಳಿಸುತ್ತವೆ. ಟ್ರೆಟಿನೋಯಿನ್ ಬಳಗದ ಲೇಪವನ್ನು ರಾತ್ರಿ ಹೊತ್ತು, ಕಡಲೆಕಾಳಿನಷ್ಟು ಮಾತ್ರ ತೆಗೆದುಕೊಂಡು ಮುಖಕ್ಕೆಲ್ಲ ತೆಳುವಾಗಿ ಹಚ್ಚುವುದು ಕ್ರಮ, ಬಸುರಿಯರು ಹಚ್ಚಬಾರದು. ಯಾವ ಮದ್ದೇ ಆಗಲಿ, ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಮೊದಲ ಎರಡು ಮೂರು ವಾರ ಕೊಂಚ ಹೆಚ್ಚಾದಂತೆ ಕಾಣುವುದೂ ಉಂಟು. ಹತ್ತನೆಯ ದಿನ ಗುಣವಿಲ್ಲವೆಂದು ಕೊಳವೆ ಬಿಸಾಡಿ ಇನ್ನೊಂದಕ್ಕೆ ಕೈಹಾಕುವವರೇ ಹೆಚ್ಚು. ತಾಳಿದವನು ಬಾಳಿಯಾನು ಎಂಬುದನ್ನು ಇಲ್ಲಿ ಹನ್ನೆರಡು ವಾರವೆಂದು ಲೆಕ್ಕ ಹಾಕಬಹುದು. ಗಂಟುಗಳೆದ್ದು ಗುಳಿ ಬೀಳುತ್ತಿದ್ದರೆ ಅಷ್ಟು ಕಾಯದೆ ಚರ್ಮವೈದ್ಯರಲ್ಲಿಗೆ ಹೋಗುವುದು ಒಳ್ಳೆಯದು. ಗುಳಿ ಒಮ್ಮೆ ಬಿದ್ದರೆ ಮುಚ್ಚುವುದು ಕಷ್ಟ.

ಹಿರಿಯರಿಗೂ ಒಂದು ಮಾತುಂಟು. ತಾನೇ ಹೋಗುತ್ತೆ ಎಂಬುದು ಅರ್ಧ ಸತ್ಯ. ಬಹುಮಂದಿಗೆ ಇಪ್ಪತ್ತರ ಮೇಲೆ ಇಳಿಯುತ್ತದೆ. ಕೆಲವರಿಗೆ ಮೂವತ್ತಾದರೂ ಬಿಡುವುದಿಲ್ಲ. ಮದುವೆಗೂ ಅದಕ್ಕೂ ಸಂಬಂಧವಿಲ್ಲ. ಇಳಿಯುವ ತನಕದ ವರ್ಷಗಳು ಎಳೆಯರ ಪಾಲಿಗೆ ಬಹಳ ಉದ್ದ.

ಅಕ್ಕನ ಮೊಡವೆ ಹೋಗಿ ಎಷ್ಟೋ ಕಾಲವಾಯಿತು. ಎಡಗೆನ್ನೆಯಲ್ಲಿ ಎರಡು ಸಣ್ಣ ಗುಳಿಗಳಿವೆ, ಹೇಳಿದರೆ ಮಾತ್ರ ಕಾಣುವಷ್ಟು. ಹೋದ ವರ್ಷ ಅವಳ ಮಗಳ ಹಣೆಯ ಮೇಲೆ ಮೊದಲ ಗುಳ್ಳೆಗಳೆದ್ದಾಗ ಅವಳು ಬಿಡೇ ಎನ್ನಲಿಲ್ಲ, ವೈದ್ಯರಲ್ಲಿಗೆ ಕರೆದುಕೊಂಡು ಹೋದಳು. ಹನ್ನೆರಡು ವಾರವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಂಡು ಎಣಿಸಿದರಂತೆ. ಹುಡುಗಿ ಈ ಸಲದ ಶಾಲೆಯ ಛಾಯಾಚಿತ್ರದಲ್ಲಿ ಮೊದಲನೆಯ ಸಾಲಿನಲ್ಲಿದ್ದಾಳೆ. ಹಣೆಯ ಮೇಲೆ ಇನ್ನೂ ನಾಲ್ಕೈದು ಗುಳ್ಳೆ ಇವೆ. ಆದರೂ ನಿಂತಿದ್ದಾಳೆ.